ಇಪ್ಪತ್ತೆರಡನೇ ದಿನ ಬಾಯಿ ಬಿಟ್ಟ ನನ್ನ ಡ್ರ್ಯಾಗನ್

"ಇದಿನ್ನು ಬದುಕುವ ಜಾತಿ ಅಲ್ಲ, ಬೇಲಿಗೆ ಬಿಟ್ಟು ಬಾ" ಅಂದಿದ್ದರು ಅಪ್ಪ. ಆಸ್ಟ್ರೇಲಿಯಾದ ಪ್ರಾಣಿಯನ್ನು ಬದಿಯಡ್ಕದ ಬೇಲಿಗೆ ಬಿಡುವುದೇ!

ನಾಲ್ಕು ವರ್ಷದ ಗಂಡು ಬಿಯರ್ಡೆಡ್ ಡ್ರ್ಯಾಗನ್, ಮನೆಯಲ್ಲಿ ಸಾಕುವ ಓತಿಕ್ಯಾತದ ಜಾತಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹುಳ ಮೂಸಿಯೂ ನೋಡಲಿಲ್ಲ. 410 ಗ್ರಾಂ ಇದ್ದದ್ದು ಜುಲೈ ಹೊತ್ತಿಗೆ 340ರ ಹತ್ತಿರ. ಕಣ್ಣು ಗುಳಿ ಬಿದ್ದಿತ್ತು. ಪಕ್ಕೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಹಿಕ್ಕೆಯ ಬಿಳಿ ಭಾಗ ಹಳದಿಯಾಗಿ, ಸುಣ್ಣದ ಹರಳಿನ ಹಾಗೆ ಗಟ್ಟಿ.

ಮೊದಲ ತಪ್ಪು ನನ್ನದೇ. ಗಾಬರಿಯಲ್ಲಿ ಬಾಯಿ ಬಿಡಿಸಿ ಹುಳ ತುರುಕಿದೆ. ಮೂರನೇ ದಿನ ಎಲ್ಲ ಕಕ್ಕಿತು, ಒಂದೂ ಕರಗಿರಲಿಲ್ಲ. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುವಾಗ ಮೈ ಕಾಯಿಸುವ ಬಲ್ಬ್ ಎಲ್ಲಿ ಉರಿಯಬೇಕು? ಮೈ ಬಿಸಿಯಾಗದೆ ಹೊಟ್ಟೆ ಕೆಲಸ ಮಾಡದು. ಗೊತ್ತಿದ್ದೂ ಮಾಡಿದೆ. ಬಿಸಿಲಿನ ಬದಲು ಹಾಕುವ ಯುವಿಬಿ ಟ್ಯೂಬ್‌ಗೂ 14 ತಿಂಗಳಾಗಿತ್ತು. ಬೆಳಕು ಬರುತ್ತದೆ ಅಂತ ಸುಮ್ನೆ ಇದ್ದೆ, ಅದರ ಕಸುವು ಯಾವತ್ತೋ ಮುಗಿದಿತ್ತು. ಹೊಸದಕ್ಕೆ 2,200.

ಹತ್ತಿರದ ಡಾಕ್ಟರು ವಿಟಮಿನ್ ಹನಿ ಕೊಟ್ಟರು, 600 ರೂಪಾಯಿ ನೀರಿಗೆ ಹೋಯಿತು. ಆಮೇಲೆ ಕಾರು ಮಾಡಿಕೊಂಡು ಮಂಗಳೂರಿಗೆ. ಹೋಗಿ ಬರಲು 1,800, ಹಿಕ್ಕೆ ಪರೀಕ್ಷೆ ಸೇರಿ ಫೀಸು 1,100. ಹೊಟ್ಟೆಯಲ್ಲಿ ಜಂತುಹುಳ ಇತ್ತು. "ಮೊದಲು ನೀರು ಹತ್ತಲಿ, ಔಷಧಿ ಆಮೇಲೆ" ಅಂದರು ಅಲ್ಲಿನ ಡಾಕ್ಟರು. ಆ ಒಂದು ಮಾತಿಗೇ ಫೀಸು ಕೊಡಬಹುದು.

ಹಳೇ ಇನ್ವರ್ಟರ್‌ಗೆ ಬಲ್ಬ್ ಜೋಡಿಸಿದೆ. ಕಲ್ಲಿನ ಮೇಲೆ 40 ಡಿಗ್ರಿ, ಆಚೆ ತುದಿಯಲ್ಲಿ 27. ಬೆಳಿಗ್ಗೆ ಎರಡು ತಾಸು ಅದರ ಮೈ ಕಾಯಿಸಿ, ಬೇಸಿನ್ನಿನಲ್ಲಿ ಅದರ ಮೊಣಕೈ ಮುಳುಗುವಷ್ಟು ಉಗುರು ಬಿಸಿ ನೀರು, 20 ನಿಮಿಷ. ಚರ್ಮವೇ ನೀರು ಹೀರುತ್ತದೆ ಅನ್ನುವವರಿದ್ದಾರೆ, ನಂಬಬೇಡಿ. ಕುಡಿಯಬೇಕು ಅಷ್ಟೇ. ಸೂಜಿ ತೆಗೆದ ಸಿರಿಂಜಿನಿಂದ ಮೂತಿಯ ತುದಿಗೆ ಒಂದೊಂದೇ ಹನಿ. ನೆಕ್ಕುವವರೆಗೆ ಕಾಯಬೇಕು. ದಿನಕ್ಕೆ ಐದಾರು ಎಂಎಲ್, ಮೂರು ಸಲಕ್ಕೆ. ವಾರದಲ್ಲಿ ಹಿಕ್ಕೆ ಬೆಳ್ಳಗಾಯಿತು. ಆಮೇಲೆ ಔಷಧಿ, ಅದರ ಜೊತೆ ಬೇಯಿಸಿದ ಸಿಹಿಗುಂಬಳದ ತೆಳು ಗಂಜಿ. ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ನಡುವೆ ಅದಕ್ಕೆ ತಿನ್ನಿಸುವ ಹುಳ, ಮೀಲ್‌ವರ್ಮ್, ತೌಡಿನಲ್ಲಿ ಸಾಕಲು ಹೊರಟೆ. ಮಳೆಗೆ ತೌಡು ಬೂಸಲು ಹಿಡಿಯಿತು, ಉಳಿದದ್ದನ್ನು ಇರುವೆ ಹೊತ್ತುಕೊಂಡು ಹೋಯಿತು. ಸ್ಟೂಲಿನ ಕಾಲಿಗೆ ನೀರಿನ ಚಿಪ್ಪು ಇಡಬೇಕಿತ್ತು, ಆಮೇಲೆ ಹೊಳೆಯಿತು.

ಇಪ್ಪತ್ತೆರಡನೇ ದಿನ ಅಮ್ಮ ಪೂಜೆಗೆ ಹೂ ಕೊಯ್ದು ಬರುತ್ತಿದ್ದರು. ಬುಟ್ಟಿಯಲ್ಲಿದ್ದ ಕೆಂಪು ದಾಸವಾಳ ನೋಡಿ ಇದು ತಲೆ ಓರೆ ಮಾಡಿತು. ಒಂದು ಎಸಳು ಹಿಡಿದೆ. ದಪ್ಪ ನಾಲಿಗೆ ಚಾಚಿ ಲಪಕ್ಕನೆ ಎಳೆದುಕೊಂಡಿತು. ಮೂರು ಹೂ ಖಾಲಿ! ಅವತ್ತು ದೇವರಿಗೆ ತುಳಸಿಯೇ ಗತಿ.

ಈಗ 395 ಗ್ರಾಂ. ಒಟ್ಟು ಖರ್ಚು ಎಂಟು ಸಾವಿರ ದಾಟಿರಬೇಕು. ಅಪ್ಪನಿಗೆ ಮೂರು ಅಂತ ಹೇಳಿದ್ದೇನೆ.