ಡೀಲರ್ ಕೊಟೇಶನ್ ಒಂಬತ್ತು ಲಕ್ಷ, ನನ್ನ ಖರ್ಚು ಮೂರೂವರೆ: ಓಪನ್ ಸೋರ್ಸ್ ಸರ್ವರ್ ರೂಮಿನ ಕಥಿ

ಸರ್ವರ್ ರೂಮ್ ಓಪನ್ ಸೋರ್ಸ್ (ಕೋಡ್ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ) ಸಾಫ್ಟ್‌ವೇರ್ ಮ್ಯಾಲೆ ನಡಸ್ತೀನಿ ಅಂದಿದ್ದಕ್ಕ ನಾಕು ವರ್ಷ "ಇದು ಆಗೂ ಮಾತಲ್ಲ ಬಿಡೋ" ಅನಿಸ್ಕೊಂಡು ಕೆಲಸ ಮಾಡೀನಿ, ಹಂಗಾಗಿ ಸ್ವಲ್ಪ ಜಂಬ ಕಂಡ್ರ ಸಹಿಸ್ಕೊಳ್ರಿ. ಹೋದ ಹದಿನಾಲ್ಕು ತಿಂಗಳದಾಗ ನಮ್ಮ ಸರ್ವರ್ ಹೇಳದ ಕೇಳದ ಬಿದ್ದಿದ್ದು ಎಲ್ಲಾ ಸೇರಿ ಒಂದು ತಾಸು ಹತ್ತು ನಿಮಿಷ ಇರಬೇಕು, ಅದರಾಗ ಅರ್ಧ ತಾಸು ಇಲಿ ಕೇಬಲ್ ಕಡಿದಿದ್ದು, ಅದಕ್ಕ ಯಾವ ಲೈಸೆನ್ಸೂ ಔಷಧ ಅಲ್ಲ.

ನಂದು ಹುಬ್ಬಳ್ಳ್ಯಾಗ ಕೆಲಸ. ಪಂಪು, ಮೋಟರ್ ಬಿಡಿಭಾಗದ ಹೋಲ್‌ಸೇಲ್ ದಂಧೆ, ಗೋಕುಲ ರೋಡಿಗೆ ಆಫೀಸು, ತಾರಿಹಾಳದಾಗ ಗೋಡೌನು, ಗದಗ ಮತ್ತ ರಾಣೆಬೆನ್ನೂರಾಗ ಒಂದೊಂದು ಬ್ರಾಂಚು. ಐವತ್ತೈದು-ಅರವತ್ತು ಮಂದಿ ದಿನಾ ಕಂಪ್ಯೂಟರ್ ಮುಂದ ಕೂಡ್ತಾರ. ವಿಂಡೋಸ್ ಮ್ಯಾಲೆ ಟ್ಯಾಲಿ, ಸ್ಟಾಕ್ ನೋಡಾಕ ನಾವ ಬರದ ಒಂದು ಆ್ಯಪು, ಅದಕ್ಕ ಪೋಸ್ಟ್‌ಗ್ರೆಸ್ ಅನ್ನೂ ಡೇಟಾಬೇಸು, ಅವಾಗ ಅದು ಸೆಂಟ್‌ಓಎಸ್ 7, ಅಂದ್ರ ರೆಡ್ ಹ್ಯಾಟ್ ಕಂಪನಿ ಲಿನಕ್ಸಿನ ಪುಕ್ಕಟೆ ರೂಪದ ಮ್ಯಾಲೆ ಇತ್ತು. ಐಟಿ ಡಿಪಾರ್ಟ್‌ಮೆಂಟ್ ಅಂದ್ರ ನಾನು, ಮತ್ತ ಪ್ರಿಂಟರ್ ನೋಡೂ ಒಬ್ಬ ಹುಡುಗ.

ಮೊದಲ್ನೇ ಪೆಟ್ಟು 2020ರ ದೀಪಾವಳಿಗೆ ತಿಂದೆ. ಹೊಸಾ ಮಷಿನ್ ಬಂದಿತ್ತು, ಹುರುಪಿನ್ಯಾಗ ಸೆಂಟ್‌ಓಎಸ್ 8 ಹಾಕಿ, "ಸಾಹುಕಾರ್ರ, 2029ರ ತನಕಾ ಇದರ ಕಡೆ ತಿರುಗಿ ನೋಡೂದ ಬ್ಯಾಡ" ಅಂತ ಎದಿ ತಟ್ಟಿ ಹೇಳಿದೆ. ತಿಂಗಳು ಕಳೀಲಿಲ್ಲ, ಡಿಸೆಂಬರ್ 8ಕ್ಕ ಸುದ್ದಿ ಬಂತು, ಸೆಂಟ್‌ಓಎಸ್ 8 ಮುಂದಿನ ವರ್ಷದ ಕಡೀಗೆ ಬಂದ್, ಇನ್ನ ಸ್ಟ್ರೀಮ್ (ರೆಡ್ ಹ್ಯಾಟಿನ ಮುಂದಿನ ಆವೃತ್ತಿ ತಯಾರಾಗೂ ರೂಪ) ಒಂದ ಉಳಿಯೂದು. ನಾನು ಯಾರನ್ನೂ ಬೈಯೂದಿಲ್ಲ. ಅವರ ಸಾಮಾನು, ಅವರ ಇಷ್ಟ, ಪುಕ್ಕಟೆ ತಗೊಂಡಾವ ನಾನು, ಅವರ ಪರವಾಗಿ ಸಾಹುಕಾರ್ರಿಗೆ ಮಾತು ಕೊಟ್ಟಾವನೂ ನಾನ. 2019ರಾಗ ಐಬಿಎಂ 34 ಬಿಲಿಯನ್ ಡಾಲರ್ ಕೊಟ್ಟು ರೆಡ್ ಹ್ಯಾಟ್ ತಗೊಂಡಾಗನ ನಾನು ಲೆಕ್ಕಾ ಹಾಕಬೇಕಿತ್ತು, ಅಷ್ಟು ರೊಕ್ಕ ಹಾಕಿದಾವರು ಒಂದಿನ ಎಲ್ಲಾ ಕಪಾಟು ತೆಗದು ನೋಡ್ತಾರ ಅಂತ. ಅವತ್ತಿನಿಂದ ಯಾವ ಸಾಫ್ಟ್‌ವೇರ್ ಬಂದ್ರೂ ನಾನು ಫೀಚರ್ ಆಮ್ಯಾಲೆ ನೋಡ್ತೀನಿ, ಮೊದಲು ಇದರ ಲೈಸೆನ್ಸ್ ಬದಲಿ ಮಾಡೂ ಕೀಲಿಕೈ ಯಾರ ಕಿಸೆದಾಗ ಐತಿ ಅಂತ ನೋಡ್ತೀನಿ.

ಎರಡ್ನೇ ಪೆಟ್ಟು ಇದಕ್ಕಿಂತ ಕೆಟ್ಟದ್ದು, ಮತ್ತ ಇದು ಪೂರ್ತಿ ನನ್ನ ಕೈಯಿಂದ ಆಗಿದ್ದು. ಹಳೇ ಮಷಿನ್ನಿಂದ ಹೊಸಾದಕ್ಕ ಡೇಟಾಬೇಸ್ ಸಾಗಸೂವಾಗ ಡಂಪ್ ತಗೊಂಡು (ಡೇಟಾ ಎಲ್ಲಾ ಒಂದು ಫೈಲಿಗೆ ಇಳಿಸಿ) ರೀಸ್ಟೋರ್ ಮಾಡಾಕ ಐದಾರು ತಾಸು ಬೇಕು ಅಂತ, ಎರಡೂ ಕಡೆ ಪೋಸ್ಟ್‌ಗ್ರೆಸ್ 12 ಐತೆಲ್ಲ ಅಂತ, ಡೇಟಾ ಡೈರೆಕ್ಟರೀನ ಹಂಗ ಆರ್‌ಸಿಂಕ್ (ಫೈಲ್ ಇದ್ದಂಗ ಕಾಪಿ) ಮಾಡಿದೆ. ಚಾಲೂ ಆತು, ಮಸ್ತ್ ಓಡ್ತು, ಶಾಣ್ಯಾ ಅನಿಸ್ಕೊಂಡೆ. ಮಾರ್ಚ್‌ದಾಗ ವರ್ಷದ ಸ್ಟಾಕ್ ಎಣಸಾಕ ಕುಂತಾಗ ಲೆಕ್ಕಾ ಕೂಡವಲ್ದು. ಕೆಲವು ಪಾರ್ಟ್ ನಂಬರ್ ಹುಡುಕಿದ್ರ ಇಲ್ಲ ಅಂತೈತಿ, ಪೂರ್ತಿ ಲಿಸ್ಟ್ ತಗದ್ರ ಅದಾವ, ಇನ್ನ ಕೆಲವು ಒಂದ ಕೋಡ್ ಎರಡೆರಡು ಸಲ ಕುಂತಾವ, ಅದೂ ಒಂದ ಕೋಡ್ ಎರಡು ಸಲ ಬರದಂಗ ತಡಿಯೂ ಯೂನಿಕ್ ಇಂಡೆಕ್ಸ್ ಇದ್ದ ಕಾಲಮ್‌ನ್ಯಾಗ! ತಾರಿಹಾಳದ ಗೋಡೌನ್ ಹುಡುಗನ್ನ ಎರಡು ದಿನ ಬೈದೆ, ಡಬಲ್ ಎಂಟ್ರಿ ಹೊಡಿಯಾಕತ್ತೀ ಅಂತ. ಮೂರ್ನೇ ದಿನ ಗೊತ್ತಾತು, ತಪ್ಪು ಗ್ಲಿಬ್‌ಸಿ (ಲಿನಕ್ಸಿನ ಮೂಲ ಲೈಬ್ರರಿ) ಮತ್ತ ನನ್ನ ನಡುವಿಂದು. 7ರಾಗ ಗ್ಲಿಬ್‌ಸಿ 2.17, 8ರಾಗ 2.28, ನಡುವ ಅಕ್ಷರ ಸಾಲಿಗೆ ಹಚ್ಚೂ ನಿಯಮನ ಬದಲಿ ಆಗೇತಿ. ಹಳೇದ್ರಾಗ 11 ಮೊದಲು, 1-1 ಆಮ್ಯಾಲೆ. ಹೊಸಾದ್ರಾಗ 1-1 ಮೊದಲು. ನಮ್ಮ ಪಾರ್ಟ್ ನಂಬರ್ ಎಲ್ಲಾದಕ್ಕೂ ನಡುವ ಡ್ಯಾಶ್ ಅದಾವ, ಇಂಡೆಕ್ಸ್ ಹಳೇ ಸಾಲಿನ್ಯಾಗ ಕುಂತೈತಿ, ಹುಡುಕಾವ ಹೊಸಾ ಸಾಲಿನ್ಯಾಗ ಹುಡುಕ್ತಾನ, ಎಲ್ಲಿ ಸಿಗಬೇಕು. ರೀಇಂಡೆಕ್ಸ್ ಹೊಡಿಯೂದು, ಅಂದ್ರ ಇಂಡೆಕ್ಸ್ ಹೊಸದಾಗಿ ಕಟ್ಟೂದು, ಹತ್ತು ನಿಮಿಷದ ಕೆಲಸ, ಆದ್ರ ಅದಕ್ಕೂ ಮೊದಲು ನಾಕು ತಿಂಗಳು ಹುಟ್ಟಿದ ಮುನ್ನೂರು ಚಿಲ್ಲರೆ ಡಬಲ್ ಸಾಲು ಕೈಲೆ ಆರಿಸಿ ತಗಿಯಾಕ ಒಂದು ವಾರ ಹೋತು. ಹುಡುಗಗ ತಪ್ಪಾತಪ್ಪಾ ಅಂತ ಗಿರ್ಮಿಟ್ ಮಿರ್ಚಿ ಕೊಡಿಸಿದೆ, ಅವ ಇನ್ನೂ ಮರತಿಲ್ಲ. ಈಗಲೂ ಯಾರರ ಸೆಂಟ್‌ಓಎಸ್ 7 ಬಿಟ್ಟು ಬರಾಕತ್ತಿದ್ರ, ಅದರ ಆಯುಷ್ಯ 2024ರ ಜೂನ್ 30ಕ್ಕ ಮುಗದೈತಿ, ಡಂಪ್ ತಗೊಂಡ ಬರ್ರಿ, ಡೈರೆಕ್ಟರಿ ಹೊತ್ಕೊಂಡು ಬರಬ್ಯಾಡ್ರಿ.

ಸೆಂಟ್‌ಓಎಸ್ ಜಾಗಾ ತುಂಬಾಕ ಅಲ್ಮಾಲಿನಕ್ಸ್ 2021ರ ಮಾರ್ಚ್ ಕಡೀಗೆ ಬಂತು, ರಾಕಿ ಲಿನಕ್ಸ್ ಜೂನ್‌ಗೆ. ನಾನು ಅಲ್ಮಾ ಹಿಡದೆ, ಯಾಕಂದ್ರ ಮೊದಲು ಬಂತು, ಅವರ ಡಿಪ್ಲಾಯ್ ಸ್ಕ್ರಿಪ್ಟ್ ಕೂತಲ್ಲೇ ಇಪ್ಪತ್ತು ನಿಮಿಷದಾಗ ಮಷಿನ್ ಬದಲಿ ಮಾಡಿ ಕೊಡ್ತು. 2023ರ ಜೂನ್‌ದಾಗ ರೆಡ್ ಹ್ಯಾಟ್ ತನ್ನ ರೊಕ್ಕದ ಲಿನಕ್ಸ್ ಆರ್‌ಎಚ್‌ಇಎಲ್‌ನ ಸೋರ್ಸ್ ಕೋಡ್ ಗಿರಾಕಿಗಳಿಗೆ ಅಷ್ಟ ಅಂದಾಗ ಗೆಳೆಯಾರೆಲ್ಲಾ "ನಿನ್ನ ಅಲ್ಮಾ ಮುಗೀತು" ಅಂತ ಮೆಸೇಜ್ ಹಾಕಿದ್ರು. ಆ ಸೋರ್ಸಿನಿಂದನ ಅಲ್ಮಾ ಕಟ್ತಿದ್ರು, ಅಲ್ಮಾದವರು ಹಂಗ ಕಾಪಿ ಹೊಡಿಯೂದು ಬಿಟ್ಟು, ಹೊಂದಿಕೊಂಡು ಹೋಗೂದು ಸಾಕು ಅಂದ್ರು. ನಮ್ಮ ಮಟ್ಟಕ್ಕ ಒಂದು ಕೂದಲೂ ಅಲುಗಾಡಲಿಲ್ಲ.

ಈಗ ರೊಕ್ಕದ ಮಾತು. 2022ರ ಕಡೀಗೆ ಎಲ್ಲಾ ಮಷಿನ್ ವರ್ಚುವಲ್ ಮಾಡೂಣು, ಒಂದ ಸರ್ವರಿನ್ಯಾಗ ಹಲವು ಮಷಿನ್ ಓಡಸೂಣು ಅಂದಾಗ ಒಬ್ಬ ಡೀಲರ್ ಬಂದು ಸರ್ವರು, ಸ್ಟೋರೇಜು, ಹೈಪರ್‌ವೈಸರ್ (ಈ ಕೆಲಸ ಮಾಡೂ ಸಾಫ್ಟ್‌ವೇರ್) ಲೈಸೆನ್ಸು ಎಲ್ಲಾ ಹಿಡದು ಒಂಬತ್ತು ಲಕ್ಷದ ಮ್ಯಾಲೆ ಚೀಟಿ ಇಟ್ಟ. ನಾನು ಓಪನ್ ಸೋರ್ಸ್ ಹೈಪರ್‌ವೈಸರ್ ಪ್ರಾಕ್ಸ್‌ಮಾಕ್ಸ್ ಅಂದೆ. ಸಾಹುಕಾರ್ರ ಅಳಿಯಾವರು ಪುಣೆದಾಗ ಎಂಬಿಎ ಓದ್ಯಾರ, "ಪುಕ್ಕಟೆ ಸಾಫ್ಟ್‌ವೇರ್ ಎಂಟರ್‌ಪ್ರೈಸ್‌ದಾಗ ನಡ್ಯಂಗಿಲ್ಲ, ನಾಳೆ ಏನರ ಆದ್ರ ಯಾರ ಕೊಳ್ಳಪಟ್ಟಿ ಹಿಡಿಯೂದು" ಅಂದ್ರು. ಚಲೋ ಪ್ರಶ್ನಿ. ನಂದು ಹಿಡೀರಿ ಅಂದೆ.

ಬೆಂಗಳೂರು ಎಸ್‌ಪಿ ರೋಡಿನಿಂದ ಎರಡು ಸೆಕೆಂಡ್ ಹ್ಯಾಂಡ್ ರ‍್ಯಾಕ್ ಸರ್ವರ್ ತರಿಸಿದೆ, ಒಂದೊಂದು 92 ಸಾವಿರದ ಸುಮಾರು, 128 ಜಿಬಿ ರ‍್ಯಾಮ್. ಬಸ್ ಲಗೇಜಿನ್ಯಾಗ ಬಂದವು, ಒಂದರ ರೇಲ್ ಕಿಟ್ ಇರಲಿಲ್ಲ, ಇವತ್ತಿಗೂ ಅದು ವೆಲ್ಡಿಂಗ್ ಅಂಗಡ್ಯಾಗ ಮಾಡಿಸಿದ ಆ್ಯಂಗಲ್ ಮ್ಯಾಲೆ ಕುಂತೈತಿ. ಡಿಸ್ಕ್ ಎಲ್ಲಾ ತಾನ ನೋಡ್ಕೊಳ್ಳೂ ಫೈಲ್ ಸಿಸ್ಟಮ್ ಜಡ್‌ಎಫ್‌ಎಸ್ ಬೇಕು ಅಂದ್ರ ರೇಡ್ ಕಾರ್ಡ್ ನಡುವ ಬಾಯಿ ಹಾಕಬಾರದು, ಅದನ್ನ ಐಟಿ ಮೋಡ್‌ಗೆ (ಡಿಸ್ಕ್ ನೇರ ತೋರಸೂ ಫರ್ಮ್‌ವೇರ್‌ಗೆ) ಫ್ಲ್ಯಾಶ್ ಮಾಡಾಕ ಕುಂತೆ, ನಟ್ಟನಡುವ ಕರೆಂಟ್ ಹೋತು, ಯುಪಿಎಸ್ ಬ್ಯಾಟರಿ ಸತ್ತು ಹೋಗ್ಯಾವ ಅಂತ ಅವತ್ತ ಗೊತ್ತಾತು. ಕಾರ್ಡ್ ಇಟ್ಟಂಗಿ. ನಾಕೂವರೆ ಸಾವಿರ.

ಅದಾದ ಮ್ಯಾಲೆ ಎಸ್‌ಎಸ್‌ಡಿ. ರೊಕ್ಕ ಉಳಸೂ ಹುಚ್ಚಿನ್ಯಾಗ ಲ್ಯಾಪ್‌ಟಾಪಿಗೆ ಹಾಕೂ ಅಗ್ಗದ ಒಂದು ಟಿಬಿ ನಾಕು ತಂದೆ, 26 ಸಾವಿರ ಆತು. ಪೋಸ್ಟ್‌ಗ್ರೆಸ್ ಒಂದೊಂದು ಕಮಿಟ್‌ಗೂ ಡಿಸ್ಕಿಗೆ "ಬರದ್ಯಾ?" ಅಂತ ಕೇಳ್ತೈತಿ, ಕರೆಂಟ್ ಹೋದ್ರ ಹಿಡಕೊಳ್ಳೂ ಕೆಪಾಸಿಟರ್ ಇರೂ ಡಿಸ್ಕ್ ಹೂಂ ಅಂತ ಲಗೂನ ಹೇಳ್ತೈತಿ, ಇಲ್ಲದ್ದು ಖರೇನ ಬರದು ಮುಗಿಸೂ ತನಕಾ ಬಾಯಿ ಬಿಡಂಗಿಲ್ಲ. ಬಿಲ್ ಪ್ರಿಂಟ್ ಕೊಟ್ರ ಚಹಾ ಕುಡದು ಬರಬಹುದಿತ್ತು. ಮ್ಯಾಲೆ ಜಡ್‌ಎಫ್‌ಎಸ್ ಬರಿಯೂದೂ ಜಾಸ್ತಿ, ಒಂಬತ್ತು ತಿಂಗಳಿಗೆ ಎರಡು ಡಿಸ್ಕಿನ ವೇರ್ (ಸವೆತ) 90 ಪರ್ಸೆಂಟಿನ ಮ್ಯಾಲೆ ತೋರಸಾಕತ್ತು. ಅಳಿಯಾವರು ಏನೂ ಅನ್ನಲಿಲ್ಲ, ಸುಮ್ನ ನಕ್ಕರು, ಅದು ಇನ್ನೂ ಕೆಟ್ಟ. ಆಮ್ಯಾಲೆ ಡೇಟಾ ಸೆಂಟರಿನಿಂದ ಕಳಚಿದ 960 ಜಿಬಿ ಎಂಟರ್‌ಪ್ರೈಸ್ ಡಿಸ್ಕ್ ಎಂಟು ತಂದೆ, ಒಂದಕ್ಕ ಒಂಬತ್ತು ಸಾವಿರದ ಆಸುಪಾಸು, ಸೆಕೆಂಡ್ ಹ್ಯಾಂಡ್ ಆದ್ರೂ 95 ಪರ್ಸೆಂಟ್ ಆಯುಷ್ಯ ಬಾಕಿ. ಇವತ್ತಿಗೂ ಅವು ನಡ್ಯಾಕತ್ತಾವ. ಮಾಡೆಲ್ ಯಾವುದು, ಯಾರ ಕಡೆ ತಂದೆ ಅಂತ ಇಲ್ಲಿ ಬರಿಯಂಗಿಲ್ಲ, ನನಗ ಇನ್ನ ನಾಕು ಬೇಕಾಗ್ಯಾವ, ರೇಟು ಏರಿಸಿಬಿಡ್ತಾನ.

ಒಂದು ಉಳಿತಾಯ ಮಾತ್ರ ಹೇಳ್ತೀನಿ. ಪ್ರಾಕ್ಸ್‌ಮಾಕ್ಸ್ ಸಬ್‌ಸ್ಕ್ರಿಪ್ಶನ್ (ಬೇಕಾದ್ರ ಅಷ್ಟ ತಗೊಳ್ಳೂದು) ಸಿಪಿಯು ಸಾಕೆಟ್ ಲೆಕ್ಕ. ಎರಡೂ ಸರ್ವರಿನ ಎರಡ್ನೇ ಸಿಪಿಯು ಕಿತ್ತು ಪೆಟ್ಟಿಗ್ಯಾಗ ಇಟ್ಟೆ, ರ‍್ಯಾಮ್ ಎಲ್ಲಾ ಒಂದ ಕಡೆ ತುಂಬಿದೆ. ಕರೆಂಟ್ ಬಿಲ್ಲೂ ಇಳೀತು, ಸಬ್‌ಸ್ಕ್ರಿಪ್ಶನ್ನೂ ಅರ್ಧ ಆತು, ಕಮ್ಯುನಿಟಿ ಲೆವೆಲ್ಲು ಎರಡು ಮಷಿನ್‌ಗೆ ಅವಾಗ ವರ್ಷಕ್ಕ ಇಪ್ಪತ್ತು ಸಾವಿರದ ಸುಮಾರು ಇತ್ತು. ಸಾಹುಕಾರ್ರು "ಪುಕ್ಕಟೆ ಅಂದಿದ್ಯಲ್ಲೋ, ಮತ್ಯಾಕ ರೊಕ್ಕ?" ಅಂದ್ರು. "ಸಿದ್ಧಾರೂಢರ ಮಠದಾಗ ಪ್ರಸಾದ ಪುಕ್ಕಟೆನ, ಆದ್ರ ನೀವು ಜಾತ್ರಿಗೆ ಅಕ್ಕಿ ಚೀಲ ಕಳಸೂದು ಬಿಟ್ಟೀರೇನ್ರಿ?" ಅಂದೆ. ಸಹಿ ಮಾಡಿದ್ರು.

ಒಟ್ಟು ಲೆಕ್ಕ, ನೆನಪಿನ ಮ್ಯಾಲೆ: ಸರ್ವರ್ 1.85 ಲಕ್ಷ, ಹಾಳಾದ ಎಸ್‌ಎಸ್‌ಡಿ 26 ಸಾವಿರ, ಚಲೋ ಎಸ್‌ಎಸ್‌ಡಿ 70-75, ಕಾರ್ಡು ಎರಡು ಸಲ ಸೇರಿ 9, ಯುಪಿಎಸ್ ಬ್ಯಾಟರಿ 38, ಗದಗ ಬ್ರಾಂಚಿನ ಬ್ಯಾಕಪ್ ಮಷಿನ್‌ಗೆ ಡಿಸ್ಕು 22. ಮೂರೂವರೆ ಲಕ್ಷ ಹಿಡೀರಿ, ನನ್ನ ದಡ್ಡತನದ ದಂಡ ಅದರಾಗನ ಬಂತು. ರಾತ್ರಿ ಬ್ಯಾಕಪ್ ಗದಗಿಗೆ ಹೋಗ್ತೈತಿ, ಆ ಬಡಕಲು ಬ್ರಾಡ್‌ಬ್ಯಾಂಡ್ ಮ್ಯಾಲೆ ಹೆಂಗ ಹೋಗ್ತೈತಿ ಅನ್ನೂದು ಇನ್ನೊಂದು ಗುಟ್ಟು, ಗಿರ್ಮಿಟ್ ಕೊಡಿಸಿದಾವರಿಗೆ ಹೇಳ್ತೀನಿ. ತಿಂಗಳ ಮೊದಲ್ನೇ ಶನಿವಾರ ಒಂದು ವಿಎಂ (ವರ್ಚುವಲ್ ಮಷಿನ್) ರೀಸ್ಟೋರ್ ಮಾಡಿ ಟ್ಯಾಲಿ ತೆರದು ನೋಡ್ತೀನಿ, ಅದನ್ನ ಮಾತ್ರ ತಪ್ಪಿಸಿಲ್ಲ.

ಇದೆಲ್ಲಾ ಒಂದು ಹದಕ್ಕ ಬರೂ ಹೊತ್ತಿಗೆ 2023ರ ನವೆಂಬರ್, ಚಿಪ್ ಕಂಪನಿ ಬ್ರಾಡ್‌ಕಾಮ್, ಹೈಪರ್‌ವೈಸರ್ ಮಾರೂ ವಿಎಂವೇರ್ ಕಂಪನೀನ ತಗೊಂತು. ಡಿಸೆಂಬರ್‌ದಾಗ ಒಮ್ಮೆ ಕೊಂಡ್ರ ಕಾಯಂ ಅನ್ನೂ ಲೈಸೆನ್ಸ್ ಬಂದ್, ಇನ್ನ ಸಬ್‌ಸ್ಕ್ರಿಪ್ಶನ್ ಅಷ್ಟ. 2024ರ ಫೆಬ್ರವರಿಗೆ ಅದರ ಪುಕ್ಕಟೆ ಹೈಪರ್‌ವೈಸರ್ ಇಎಸ್‌ಎಕ್ಸ್‌ಐ ಕೂಡ ತಗದ್ರು. 2025ರ ಏಪ್ರಿಲ್‌ದಾಗ ಪುಕ್ಕಟೆದು ಮತ್ತ ಬಿಟ್ಟಾರ, ಅಷ್ಟೊತ್ತಿಗೆ ಹೋಗಾವರು ಹೋಗಿದ್ರು. ಅಳಿಯಾವರು ಪುಣೆಯಿಂದ ಫೋನ್ ಮಾಡಿ, ಮಾವನ್ನ ಕೇಳಲಿಲ್ಲ, ಸೀದಾ ನನ್ನ ಕೇಳಿದ್ರು, ಆ ಪ್ರಾಕ್ಸ್‌ಮಾಕ್ಸ್ ಸ್ಪೆಲ್ಲಿಂಗ್ ಏನು ಅಂತ.

ಓಪನ್ ಸೋರ್ಸ್ ಅಂದಕೂಡ್ಲೆ ಕಣ್ಮುಚ್ಚಿ ತರ್ರಿ ಅಂತ ನಾ ಹೇಳಾಕತ್ತಿಲ್ಲ. ಹುಡುಕೂ ಸಾಫ್ಟ್‌ವೇರಿನ ಎಲಾಸ್ಟಿಕ್ 2021ರಾಗ, ಸರ್ವರ್ ಸಜ್ಜು ಮಾಡೂ ಟೆರಾಫಾರ್ಮಿನ ಹ್ಯಾಶಿಕಾರ್ಪ್ 2023ರ ಆಗಸ್ಟ್‌ದಾಗ, ಮೆಮರಿಯಾಗ ಡೇಟಾ ಇಡೂ ರೆಡಿಸ್ 2024ರ ಮಾರ್ಚ್‌ದಾಗ ಲೈಸೆನ್ಸ್ ತಿರುಗಿಸಿದ್ರು, ಎಲ್ಲಾ ಒಂದೊಂದ ಕಂಪನಿ ಕೈಯಾಗ ಇದ್ದದ್ದು. ಆ ಮೂರಕ್ಕ ಸಾಲಾಗಿ ಓಪನ್‌ಸರ್ಚ್, ಓಪನ್‌ಟೋಫು, ವ್ಯಾಲ್ಕಿ ಅಂತ ಕವಲು ಒಡದವು. ಎಲಾಸ್ಟಿಕ್ಕೂ ರೆಡಿಸ್ಸೂ ಆಮ್ಯಾಲೆ ಎಜಿಪಿಎಲ್ ಅನ್ನೂ ಓಪನ್ ಸೋರ್ಸ್ ಲೈಸೆನ್ಸ್ ಹಿಡದು ತಿರುಗಿ ಬಂದಾವ, ನಾನು ಮಾತ್ರ ನಮ್ಮ ಆ್ಯಪಿನ ಸೆಶನ್‌ಗೆ ವ್ಯಾಲ್ಕಿ ಹಾಕಿ ಬಿಟ್ಟೆ, ಹತ್ತು ನಿಮಿಷದ ಕೆಲಸ. ಪೋಸ್ಟ್‌ಗ್ರೆಸ್‌ಗೆ ಒಬ್ಬ ಮಾಲೀಕ ಇಲ್ಲ, ಹಂಗಾಗಿ ಅದನ್ನ ಮಾರಾಕ ಬರಂಗಿಲ್ಲ. ನೀವು ಕೇಳಬಹುದು, ಪ್ರಾಕ್ಸ್‌ಮಾಕ್ಸ್ ಸೈತ ವಿಯೆನ್ನಾದ ಒಂದ ಕಂಪನೀದು ಅಲ್ಲೇನು ಅಂತ. ಖರೆ, ನನ್ನ ನಿಯಮ ನಾನ ಮುರದೀನಿ. ಅದಕ್ಕ ಒಂದು ಐತವಾರ ಕುಂತು ಟ್ಯಾಲಿ ವಿಎಂನ ಡಿಸ್ಕ್ ತಗೊಂಡು ಸಾದಾ ಡೆಬಿಯನ್ ಲಿನಕ್ಸ್ ಮ್ಯಾಲೆ, ವಿಎಂ ನಡಸೂ ಲಿಬ್‌ವರ್ಟ್‌ದಾಗ ಎಬ್ಬಿಸಿ ನೋಡಿದೆ. ಕೆಳಗ ಇರೂದು ಲಿನಕ್ಸಿನ ಅದ ಕೆವಿಎಂ ಹೈಪರ್‌ವೈಸರ್, ಅದ ಜಡ್‌ಎಫ್‌ಎಸ್. ಮಧ್ಯಾಹ್ನ ಊಟಾದ ಮ್ಯಾಲೆ ಕುಂತಾವ ದೀಪಾ ಹಚ್ಚೂ ಹೊತ್ತಿಗೆ ಟ್ಯಾಲಿ ತೆರದಿದ್ದೆ. ನಾಳೆ ವಿಯೆನ್ನಾದವರ ತಲಿ ತಿರುಗಿದ್ರ ನನಗ ಬೇಕಾಗಿದ್ದು ಎರಡು ರಜಾ ದಿನ.

2024ರ ಮಾರ್ಚ್ ಕಡೀಗೆ ಲಿನಕ್ಸಿನ್ಯಾಗ ಫೈಲ್ ಕುಗ್ಗಸೂ ಎಕ್ಸ್‌ಜಡ್ ಪ್ಯಾಕೇಜಿನ್ಯಾಗ ಕದ್ದು ಇಟ್ಟ ಹಿಂಬಾಗಲು ಸಿಕ್ತಲ್ಲ, ಅವಾಗ ಡೀಲರ್ ಸೈತ ನನಗ ಫಾರ್ವರ್ಡ್ ಕಳಿಸಿದ, "ನೋಡ್ರಿ ನಿಮ್ಮ ಓಪನ್ ಸೋರ್ಸ್" ಅಂತ. ಅದನ್ನ ಹಿಡದಾವ ಆಂಡ್ರೆಸ್ ಫ್ರಾಯ್ಂಡ್, ಪೋಸ್ಟ್‌ಗ್ರೆಸ್ ಡೆವಲಪರ್, ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗ ಹೋಗೂ) ಲಾಗಿನ್ ಅರ್ಧ ಸೆಕೆಂಡ್ ತಡಾ ಆಗಾಕತ್ತೈತೆಲ್ಲ ಅಂತ ಕೆದರಿ ಕೆದರಿ. ಸೋರ್ಸ್ ಕೈಯಾಗ ಇತ್ತಂತ ಕೆದರಿದ. ನನ್ನ ಅಲ್ಮಾ, ಪ್ರಾಕ್ಸ್‌ಮಾಕ್ಸ್ ಅಡಿಗೆ ಇರೂ ಡೆಬಿಯನ್ ಸ್ಟೇಬಲ್ ಎರಡಕ್ಕೂ ಅದು ಮುಟ್ಟಿರಲಿಲ್ಲ, ಹಳೇ ಪ್ಯಾಕೇಜ್ ಅಂತ ಮಂದಿ ಆಡಿಕೊಳ್ಳೂದು ಅವತ್ತು ಉಪಯೋಗಕ್ಕ ಬಂತು. ಆದ್ರ ಅದ ವರ್ಷ ಜುಲೈ 19ರ ಕ್ರೌಡ್‌ಸ್ಟ್ರೈಕ್ ಗದ್ದಲದಾಗ, ಆ ಸುರಕ್ಷಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟಿಗೆ ವಿಂಡೋಸ್ ಮಷಿನ್ ಬಿದ್ದು ಹೈದರಾಬಾದಿನ್ಯಾಗ ಕೈಲೆ ಬೋರ್ಡಿಂಗ್ ಪಾಸ್ ಬರದು ಕೊಟ್ಟ ದಿನ, ನಮ್ಮವು ನಡದವು ಅಂತ ನಾನು ಹೆಮ್ಮಿ ಪಡಂಗಿಲ್ಲ. ನಮ್ಮಲ್ಲಿ ಅದು ಇರಲಿಲ್ಲ, ಅಷ್ಟ.

ಸೋತಿದ್ದೂ ಐತಿ. ಟ್ಯಾಲಿ ಬಿಡಿಸಿ ಓಪನ್ ಸೋರ್ಸ್ ಲೆಕ್ಕದ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್ ತರೂಣು ಅಂತ ಮೂರು ವಾರ ಗುದ್ದಾಡಿದೆ. ಸಾಫ್ಟ್‌ವೇರ್ ಚಲೋ ಐತಿ, ಮುಂಬೈದ ಫ್ರಾಪ್ಪೆ ಕಂಪನಿದವರದು, ಜಿಪಿಎಲ್ ಲೈಸೆನ್ಸು, ಇ-ಇನ್ವಾಯ್ಸು ಸೈತ ಬರ್ತೈತಿ. ಆದ್ರ ನಮ್ಮ ಅಕೌಂಟೆಂಟ್ ಬೆರಳು ಇಪ್ಪತ್ತು ವರ್ಷದಿಂದ ಟ್ಯಾಲಿ ಕೀ ಮ್ಯಾಲೆ ಓಡ್ತಾವ, ಮೌಸ್ ಹಿಡಿ ಅಂದ್ರ ರಜಾ ಚೀಟಿ ಬರದ್ರು. ಬಿಟ್ಟೆ.

ಇನ್ನೊಂದು ಹುಚ್ಚು, ರಾಣೆಬೆನ್ನೂರ ಗಿರಾಕಿಗಳು ವಾಟ್ಸಾಪ್‌ದಾಗ "ಮೂರು ಇಂಚ್ ಫುಟ್ ವಾಲ್ವ್ ಐದ ಕಳಸ್ರಿ" ಅಂತ ಹಾಕ್ತಾರಲ್ಲ, ಅದನ್ನ ಪಾರ್ಟ್ ನಂಬರ್‌ಗೆ ತಿರುಗಸಾಕ ಹಳೇ ಐ5 ಮಷಿನ್ನಿಗೆ ಲಾಮಾ.ಸಿಪಿಪಿ (ಎಐ ಮಾಡೆಲ್ ಓಡಸೂ ಸಾಫ್ಟ್‌ವೇರ್) ಹಾಕಿ ಒಂದು ಏಳೆಂಟು ಬಿಲಿಯನ್ ಪ್ಯಾರಾಮೀಟರಿನ ಮಾಡೆಲ್ ಓಡಿಸಿದೆ. ಕನ್ನಡ ಅಕ್ಷರಾನ ಚೂರು ಚೂರು ಮಾಡಿ ನುಂಗ್ತೈತಿ, ಎತ್ತಿನ ಬಂಡಿ ಸ್ಪೀಡು, ಹತ್ತಕ್ಕ ಆರು ಸರಿ. ಉಳದ ನಾಕಕ್ಕ ಐದು ಇಂಚಿಂದು ಮೂರು ಕಳಸ್ತಿತ್ತು. ಮತ್ತ ಮಂದಿ ಮೆಟಾ ಕಂಪನಿಯ ಲಾಮಾ ಮಾಡೆಲ್ಲನ ಓಪನ್ ಸೋರ್ಸ್ ಅಂತಾರ, ಎಪ್ಪತ್ತು ಕೋಟಿ ಬಳಕೆದಾರರ ಮ್ಯಾಲೆ ಇದ್ದಾವರು ಬ್ಯಾರೆ ಲೈಸೆನ್ಸ್ ಕೇಳಬೇಕು ಅನ್ನೂ ಷರತ್ತು ಇದ್ದದ್ದು ಓಪನ್ ಸೋರ್ಸ್ ಹೆಂಗ ಆಗ್ತೈತ್ರಿ. ನಮಗ ಅರವತ್ತ ಮಂದಿ, ಆ ಮಾತು ಬ್ಯಾರೆ.

ಹೋದ ತಿಂಗಳು ಅದ ಡೀಲರ್ ಫೋನ್ ಮಾಡಿದ್ದ. ಬ್ಯಾಡಗಿ ಕಡೆ ಒಂದು ಕೋಲ್ಡ್ ಸ್ಟೋರೇಜಿಗೆ ಪ್ರಾಕ್ಸ್‌ಮಾಕ್ಸ್ ಹಾಕಿ ಕೊಡಾಕ ಒಪ್ಪಿಕೊಂಡಾನಂತ, "ಸರ, ಆ ಎಸ್‌ಎಸ್‌ಡಿ ಮಾಡೆಲ್ ನಂಬರ್ ಒಂದು ಹೇಳ್ತೀರೇನು" ಅಂದ. ಮೊದಲು ಲ್ಯಾಪ್‌ಟಾಪಿಂದು ಹಾಕಿ ನೋಡ್ರಿ ಅಂದೆ.