ಹಾಸನದ ಡಾಕ್ಟರ್ ಲಿಸ್ಟ್ ಕ್ಲೌಡ್‌ಗೆ ಹೋದದ್ದು ಹೀಗೆ

ಔಷಧ ಕಂಪನಿಯ ಗಿರಾಕಿ ಯಾರು ಅಂತ ಕೇಳಿದರೆ ಥಟ್ಟನೆ ಹೇಳುವುದು ಕಷ್ಟ. ಮಾತ್ರೆ ನುಂಗುವವರು ರೋಗಿಗಳು, ದುಡ್ಡು ಕೊಡುವವರೂ ಅವರೇ. ಆದರೆ ಅವರ ಹೆಸರು ಕಂಪನಿಗೆ ಗೊತ್ತಿರುವುದಿಲ್ಲ, ಗೊತ್ತಿರಲೂ ಬಾರದು. ಕಂಪನಿ ಬಿಲ್ ಮಾಡುವುದು ಸ್ಟಾಕಿಸ್ಟ್, ಅಂದರೆ ಸಗಟು ವ್ಯಾಪಾರಿಯ ಹೆಸರಿಗೆ. ಮಾರುವವರು ಮೆಡಿಕಲ್ ಶಾಪಿನವರು. ಇಷ್ಟಾದರೂ ನಮ್ಮ ರೆಪ್‌ಗಳು (ಔಷಧಗಳನ್ನು ಡಾಕ್ಟರಿಗೆ ಪರಿಚಯಿಸುವ ಮೆಡಿಕಲ್ ರೆಪ್ರೆಸೆಂಟೇಟಿವ್‌ಗಳು) ರಾತ್ರಿಯವರೆಗೂ ಕಾದು ನಿಲ್ಲುವುದು ಡಾಕ್ಟರ ಬಾಗಿಲಲ್ಲಿ. ಔಷಧದ ಚೀಟಿ ಬರೆಯುವವರು ಅವರೇ ಆದ್ದರಿಂದ ನಮ್ಮಿಂದ ಒಂದು ರೂಪಾಯಿಯ ಮಾಲನ್ನೂ ಕೊಳ್ಳದ ಡಾಕ್ಟರೇ ನಮ್ಮ ಕಸ್ಟಮರ್. ‘ಕಸ್ಟಮರ್ ಡೇಟಾ’ ಅಂದರೆ ನಮ್ಮಲ್ಲಿ ಮುಖ್ಯವಾಗಿ ಡಾಕ್ಟರ್ ಲಿಸ್ಟ್.

ನಾನು ಹಾಸನ ಎಚ್‌ಕ್ಯೂನಲ್ಲಿ (ರೆಪ್ ನೆಲೆಸಿ ಕೆಲಸ ಮಾಡುವ ಊರು) ರೆಪ್ ಆಗಿದ್ದವನು. ಆಮೇಲೆ ಏರಿಯಾ ಮ್ಯಾನೇಜರ್ ಆದೆ. ಈಗ ಅದೇ ಕಂಪನಿಯಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ಹೆಡ್ ಆಫೀಸ್ ಬೆಂಗಳೂರಿನಲ್ಲಿ, ಕಂಪನಿ ಅಂಥ ದೊಡ್ಡದೇನಲ್ಲ. ಎಲ್ಲ ಮಾಹಿತಿಯನ್ನೂ ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಬಳಸುವ, ಬೇರೆ ಕಂಪನಿಯ ಸರ್ವರ್‌ಗೆ) ತರಬೇಕು ಅಂತ ತೀರ್ಮಾನವಾದಾಗ ಮೊದಲ ಪ್ರಯೋಗಕ್ಕೆ ಆರಿಸಿದ್ದು ಹಾಸನ ಮತ್ತು ಚಿಕ್ಕಮಗಳೂರು. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲೇ ಹೇಳಿಬಿಡುತ್ತೇನೆ. ಸರ್ವರ್‌ನಲ್ಲಿದ್ದ ಫೈಲನ್ನು ಕ್ಲೌಡ್‌ಗೆ ಏರಿಸುವುದು ದೊಡ್ಡ ಕೆಲಸವೇ ಅಲ್ಲ. ಲಿಸ್ಟಿನ ಯಾವ ಯಾವ ಸಾಲು ಒಬ್ಬರೇ ಡಾಕ್ಟರಿಗೆ ಸೇರಿದ್ದು ಅಂತ ಗೊತ್ತುಮಾಡುವುದೇ ನಿಜವಾದ ಕೆಲಸ. ಅದನ್ನು ಸಾಫ್ಟ್‌ವೇರ್‌ನವರು ಹೇಳಲಾರರು, ಹೆಡ್ ಆಫೀಸಿನವರೂ ಹೇಳಲಾರರು. ಆ ಬೀದಿಯಲ್ಲಿ ದಿನಾ ಓಡಾಡುವ ರೆಪ್ ಮಾತ್ರ ಹೇಳಬಲ್ಲರು.

ಆಗ ನಮ್ಮಲ್ಲಿದ್ದದ್ದು ಇಷ್ಟು. ಪ್ರತಿ ರೆಪ್ ಹತ್ತಿರ ಒಂದು ಎಕ್ಸೆಲ್ ಲಿಸ್ಟ್. ಹಳೇ ಸರ್ವರ್‌ನಲ್ಲಿ ಡಿಸಿಆರ್, ಅಂದರೆ ದಿನದ ಕಾಲ್ (ಡಾಕ್ಟರ ಭೇಟಿ) ರಿಪೋರ್ಟ್. ಸ್ಯಾಂಪಲ್ ಲೆಕ್ಕ ಡಿಪೋದಲ್ಲಿ. ಸ್ಟಾಕಿಸ್ಟ್ ಸ್ಟೇಟ್‌ಮೆಂಟ್ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬರುತ್ತಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲ. ರೆಪ್ ಕೆಲಸ ಬಿಟ್ಟರೆ ಲಿಸ್ಟೂ ಜೊತೆಗೇ ಹೋಗುತ್ತಿತ್ತು.

ಒಬ್ಬರೇ ಡಾಕ್ಟರ್ ಮೂರು ಸಾಲಿನಲ್ಲಿ ಇರುವುದು ಮಾಮೂಲಿ. ಬೆಳಿಗ್ಗೆ ಬಿ.ಎಂ. ರಸ್ತೆಯ ಒಂದು ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್. ಸಂಜೆ ಸ್ವಂತ ಕ್ಲಿನಿಕ್. ವಾರಕ್ಕೊಂದು ದಿನ ಬೇಲೂರಿನಲ್ಲಿ ಕೂರುತ್ತಾರೆ. ಎಕ್ಸೆಲ್‌ನಲ್ಲಿ ಮೂರು ಜಾಗಕ್ಕೆ ಮೂರು ಸಾಲು. ನಮ್ಮ ಇನ್ನೊಂದು ಡಿವಿಷನ್‌ನ (ಕಂಪನಿಯ ಬೇರೆ ವಿಭಾಗದ) ರೆಪ್ ಕೂಡ ಅವರನ್ನೇ ನೋಡುತ್ತಿದ್ದರೆ ಇನ್ನಷ್ಟು ಸಾಲು. ಹೆಡ್ ಆಫೀಸ್ ಕಣ್ಣಿಗೆ ಇಷ್ಟೂ ಬೇರೆ ಬೇರೆ ಡಾಕ್ಟರ್‌ಗಳು!

ಹಾಗಾಗಿ ಮೊದಲು ಮಾಡಿದ್ದು ಲಿಸ್ಟನ್ನು ಮೂರಾಗಿ ಒಡೆದದ್ದು. ಒಂದರಲ್ಲಿ ವ್ಯಕ್ತಿಗಳು ಮಾತ್ರ. ಇನ್ನೊಂದರಲ್ಲಿ ಕ್ಲಿನಿಕ್, ಆಸ್ಪತ್ರೆ, ನರ್ಸಿಂಗ್ ಹೋಮ್ ಮಾತ್ರ. ಮೂರನೆಯದರಲ್ಲಿ ಯಾವ ಡಾಕ್ಟರ್ ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಅನ್ನುವ ನಂಟು. ಡಾಕ್ಟರ್ ಕ್ಲಿನಿಕ್ ಬದಲಿಸಿದರೆ ಮೂರನೆಯದನ್ನಷ್ಟೇ ಮುಟ್ಟಿದರೆ ಸಾಕು, ಅವರ ಹಳೇ ಕಾಲ್‌ಗಳ ಇತಿಹಾಸ ಅವರ ಜೊತೆಗೇ ಉಳಿಯುತ್ತದೆ. ಕೇಳಲು ಸರಳ ಅಲ್ವಾ? ಎಕ್ಸೆಲ್‌ಗೆ ಒಗ್ಗಿದವರಿಗೆ ಇದನ್ನು ಒಪ್ಪಿಸಲು ಬಹಳ ಹೊತ್ತು ಹಿಡಿಯಿತು.

ವ್ಯಕ್ತಿಯನ್ನು ಗುರುತಿಸಲು ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆಯನ್ನೇ ಬೆನ್ನೆಲುಬು ಮಾಡಿಕೊಂಡೆವು. ಬರೀ ಸಂಖ್ಯೆ ಸಾಲದು. ಕರ್ನಾಟಕದ ಕೌನ್ಸಿಲ್‌ನಲ್ಲಿರುವ ಸಂಖ್ಯೆಯೇ ಮಹಾರಾಷ್ಟ್ರದ ಕೌನ್ಸಿಲ್‌ನಲ್ಲಿ ಬೇರೊಬ್ಬರಿಗೆ ಇರಬಹುದು. ದಂತವೈದ್ಯರ ಕೌನ್ಸಿಲ್ ಬೇರೆ, ಆಯುರ್ವೇದದವರ ನೋಂದಣಿ ಬೇರೆ. ಹಾಸನದ ತಣ್ಣೀರುಹಳ್ಳದಲ್ಲಿ ಆಯುರ್ವೇದ ಕಾಲೇಜೇ ಇರುವುದರಿಂದ ನಮ್ಮ ಲಿಸ್ಟಿನಲ್ಲಿ ಆ ವೈದ್ಯರೂ ಇದ್ದರು. ಕೌನ್ಸಿಲ್ ಹೆಸರು, ಸಂಖ್ಯೆ ಎರಡೂ ಸೇರಿದರೆ ಮಾತ್ರ ಅದು ಗುರುತು.

ಎಕ್ಸೆಲ್ ಒಂದು ಕಿತಾಪತಿ ಮಾಡುತ್ತದೆ. ಸಂಖ್ಯೆಯ ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ಕಾಲಂ ಕಿರಿದಾಗಿದ್ದರೆ ಮೊಬೈಲ್ ನಂಬರನ್ನು ‘9.88ಇ+09’ ಅಂತ ತೋರಿಸುತ್ತದೆ, ಹಾಗೇ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸಾದಾ ಫೈಲ್) ಮಾಡಿದರೆ ನಂಬರ್ ಹೋದಂತೆಯೇ. ಆ ಕಾಲಂಗಳನ್ನೆಲ್ಲ ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ.

ಸ್ಟಾಕಿಸ್ಟ್, ಕೆಮಿಸ್ಟ್ ವಿಷಯದಲ್ಲಿ ತಲೆನೋವಿಲ್ಲ. ಡ್ರಗ್ ಲೈಸೆನ್ಸ್ ಇದೆ, ಜಿಎಸ್‌ಟಿ ನಂಬರ್ ಇದೆ. ಕರ್ನಾಟಕದ್ದಾದರೆ 29ರಿಂದ ಶುರು. ಅಲ್ಲಿಗೆ ಮುಗಿಯಿತು.

ಡಾಕ್ಟರ್‌ಗಳಲ್ಲಿ ಬಹಳ ಜನರ ನೋಂದಣಿ ಸಂಖ್ಯೆ ಲಿಸ್ಟಿನಲ್ಲಿ ಇರಲೇ ಇಲ್ಲ. ಆಗ ಹೆಸರು, ಪಿನ್‌ಕೋಡ್, ಮೊಬೈಲ್, ಸ್ಪೆಷಾಲಿಟಿ ಹೋಲಿಸಿ ಅಂಕ ಕೊಡಬೇಕು. ಸಾಫ್ಟ್‌ವೇರ್‌ನವರು ಹೆಸರುಗಳ ಹೋಲಿಕೆ ಅಳೆಯಲು ಸೌಂಡೆಕ್ಸ್, ಜಾರೊ-ವಿಂಕ್ಲರ್ ಅಂತ ಎರಡು ಲೆಕ್ಕ ತಂದರು. ಸೌಂಡೆಕ್ಸ್ 1918ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆದದ್ದು, ಹೆಸರಿನ ಮೊದಲ ಅಕ್ಷರವನ್ನು ಹಾಗೇ ಹಿಡಿದುಕೊಳ್ಳುತ್ತದೆ. ಜಾರೊ-ವಿಂಕ್ಲರ್ ಶುರುವಿನ ಅಕ್ಷರಗಳಿಗೆ ಜಾಸ್ತಿ ತೂಕ ಕೊಡುತ್ತದೆ. ಎರಡೂ ನಮ್ಮೂರಿನ ಹೆಸರುಗಳ ಮುಂದೆ ಎಡವಿದವು. ಯಾಕೆಂದರೆ ನಮ್ಮಲ್ಲಿ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಎಚ್.ಎಸ್. ಮಂಜುನಾಥ್ ಅಂತ ಬೋರ್ಡು, ಮಂಜುನಾಥ ಎಚ್.ಎಸ್. ಅಂತ ಲೆಟರ್‌ಹೆಡ್ಡು. ಇನ್ನು ಇಂಗ್ಲಿಷಿನಲ್ಲಿ ಬರೆದಾಗ ಕೊನೆಯ ‘ಎ’ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಗೌಡ ಅನ್ನುವುದನ್ನೇ ಎರಡು ಬಗೆಯಲ್ಲಿ ಬರೆಯುತ್ತಾರೆ.

ಇನಿಷಿಯಲ್‌ನಿಂದ ಬೇರೆ ಬೇರೆ ಮಾಡೋಣ ಅಂದರೆ ಅದೂ ನಡೆಯಲಿಲ್ಲ. ನಮ್ಮ ಕಡೆ ‘ಎಚ್’ ಇರುವವರೇ ಜಾಸ್ತಿ. ಹಾಸನ, ಹೊಳೆನರಸೀಪುರ, ಹಳೇಬೀಡು, ಹೆತ್ತೂರು, ಎಲ್ಲವೂ ಎಚ್! ಊರ ಹೆಸರು ಇನಿಷಿಯಲ್ ಆದಾಗ ಆ ಅಕ್ಷರದಿಂದ ಯಾರನ್ನೂ ಗುರುತಿಸಲಾಗದು. ಕೊನೆಗೆ ಇನಿಷಿಯಲ್‌ಗಳನ್ನು ಬೇರೆ ಕಾಲಂಗೆ ತೆಗೆದಿಟ್ಟೆವು. ಉಳಿದ ಹೆಸರನ್ನು ಮಾತ್ರ ಹೋಲಿಸಿದೆವು. ಇನಿಷಿಯಲ್ ಸರಿಹೊಂದಿದರೆ ಸ್ವಲ್ಪ ಅಂಕ, ಹೊಂದದಿದ್ದರೆ ಹೆಚ್ಚು ಕಡಿತ. ಅಲ್ಲಿಂದ ಫಲಿತಾಂಶ ಸುಧಾರಿಸಿತು.

ಮೊಬೈಲ್ ನಂಬರ್ ಒಂದೇ ಆದರೆ ವ್ಯಕ್ತಿಯೂ ಒಬ್ಬರೇ ಅನ್ನುವಂತಿಲ್ಲ. ಎಷ್ಟೋ ಕ್ಲಿನಿಕ್‌ಗಳಲ್ಲಿ ಲಿಸ್ಟಿಗೆ ಸಿಗುವುದು ಕಾಂಪೌಂಡರ್ ನಂಬರ್. ಗಂಡ ಫಿಸಿಷಿಯನ್, ಹೆಂಡತಿ ಗೈನಕಾಲಜಿಸ್ಟ್, ಒಂದೇ ಕ್ಲಿನಿಕ್, ಒಂದೇ ಫೋನ್. ಅಪ್ಪ ಮಗ ಇಬ್ಬರೂ ಡಾಕ್ಟರ್ ಆದ ಮನೆಗಳೂ ಇವೆ. ತಪ್ಪಾಗಿ ಎರಡನ್ನು ಒಂದು ಮಾಡುವುದಕ್ಕಿಂತ ಒಂದನ್ನು ಎರಡಾಗಿ ಬಿಡುವುದು ವಾಸಿ ಅಂತ ನಾನು ಮೊದಲೇ ಹಠ ಹಿಡಿದಿದ್ದೆ. ಒಮ್ಮೆ ಬೆರೆತರೆ ಕಾಲ್, ಸ್ಯಾಂಪಲ್ ಎಲ್ಲ ಬೆರೆಯುತ್ತದೆ, ಬಿಡಿಸುವುದು ನರಕ. ಅದಕ್ಕೇ ನೋಂದಣಿ ಸಂಖ್ಯೆ ಹೊಂದಿದರೆ ಮಾತ್ರ ತಾನಾಗಿ ಸೇರಿಸಲು ಬಿಟ್ಟೆವು. ನಡುವಿನ ಅಂಕದವನ್ನೆಲ್ಲ ಮನುಷ್ಯರೇ ನೋಡಬೇಕು. ಹಳೇ ಐಡಿಗಳನ್ನೂ ಅಳಿಸದೆ ಹೊಸ ಐಡಿಯ ಪಕ್ಕದಲ್ಲಿ ಉಳಿಸಿಕೊಂಡೆವು.

ಮನುಷ್ಯರು ಅಂದರೆ ರೆಪ್‌ಗಳು. ಪ್ರತಿಯೊಬ್ಬರ ಫೋನಿಗೂ ಅವರವರ ಅನುಮಾನದ ಜೋಡಿಗಳನ್ನು ಕಳಿಸಿದೆ. ‘ಸಾರ್, ಇವ್ರಿಬ್ರೂ ಬೇರೆ. ಒಬ್ರು ಮೇಲಿನ ಫ್ಲೋರು, ಇನ್ನೊಬ್ರು ಕೆಳಗೆ. ಮಾತೂ ಆಡಲ್ಲ’ ಅಂತ ಅರಸೀಕೆರೆಯಿಂದ ಉತ್ತರ ಬಂತು. ಯಾವ ಸಾಫ್ಟ್‌ವೇರ್ ಇದನ್ನು ಹೇಳೀತು?

ವಿಳಾಸದ್ದು ಇನ್ನೊಂದು ರಗಳೆ. ಎನ್.ಆರ್. ಪುರ (ನರಸಿಂಹರಾಜಪುರ) ಚಿಕ್ಕಮಗಳೂರು ಜಿಲ್ಲೆಯದು, ಎಚ್.ಎನ್. ಪುರ (ಹೊಳೆನರಸೀಪುರ) ಹಾಸನದ್ದು. ಚನ್ನರಾಯಪಟ್ಟಣ ಕೆಲವರ ಲಿಸ್ಟಿನಲ್ಲಿ ಸಿ.ಆರ್. ಪಟ್ಣ. ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಿಂದ ಬದಲಾಗಿದ್ದರೂ ಹಳೆಯವು ಎಲ್ಲ ಕಡೆ ಇದ್ದವು. ವಿಳಾಸ ತಿದ್ದುವ ಟೂಲ್ ಹಾಸನದ ಕೆ.ಆರ್. ಪುರಂನ ಕ್ಲಿನಿಕ್‌ಗಳನ್ನು ಬೆಂಗಳೂರಿನ ಕೆ.ಆರ್. ಪುರಂಗೆ ಸಾಗಿಸಿತ್ತು. ಪಿನ್‌ಕೋಡ್ 573201 ಇದ್ದರೆ ಊರು ಹಾಸನವೇ ಅಂತ ನಿಯಮ ಹಾಕಿ ವಾಪಸ್ ತಂದೆವು.

ಊರ ಹೆಸರು ಸರಿಮಾಡುವುದು ನಿರಪಾಯದ ಕೆಲಸ ಅಂತ ಹೆಡ್ ಆಫೀಸಿನವರು ಅಂದುಕೊಂಡಿದ್ದರು. ಅದು ನೇರವಾಗಿ ರೆಪ್‌ಗಳ ಜೇಬಿಗೆ ಕೈ ಹಾಕುತ್ತದೆ. ಎಚ್‌ಕ್ಯೂನಲ್ಲೇ ಕೆಲಸ ಮಾಡಿದರೆ ಒಂದು ಭತ್ಯೆ. ಹೋಗಿ ಅಂದೇ ವಾಪಸ್ ಬರುವ ಎಕ್ಸ್ ಸ್ಟೇಷನ್‌ಗೆ ಇನ್ನೊಂದು. ರಾತ್ರಿ ಉಳಿಯುವ ಔಟ್ ಸ್ಟೇಷನ್‌ಗೆ ಮತ್ತೊಂದು. ಕಿಲೋಮೀಟರ್ ಲೆಕ್ಕದ ಬಸ್ ಚಾರ್ಜು ಬೇರೆ. ಬಾಳ್ಳುಪೇಟೆಯ ಡಾಕ್ಟರ್ ಹಳೇ ಲಿಸ್ಟಿನಲ್ಲಿ ‘ಸಕಲೇಶಪುರ’ ಅಂತ ಇದ್ದರು. ಬಾಳ್ಳುಪೇಟೆ ಹಾಸನಕ್ಕೆ ಹತ್ತಿರ, ಸರಿಮಾಡಿದರೆ ಚಾರ್ಜು ಕಡಿಮೆ. ಹಾನುಬಾಳು ಸಕಲೇಶಪುರ ದಾಟಿ ಒಳಗಿದೆ, ಅಲ್ಲಿ ಜಾಸ್ತಿ. ಇದನ್ನು ಹೇಳದೆ ಬದಲಿಸಿದ್ದರೆ ಒಬ್ಬ ರೆಪ್ ಕೂಡ ನಮ್ಮ ಜೊತೆ ಕೂರುತ್ತಿರಲಿಲ್ಲ. ಹಳೇ ಭತ್ಯೆಯನ್ನು ಆ ಆರ್ಥಿಕ ವರ್ಷ ಮುಗಿಯುವವರೆಗೆ ಮುಟ್ಟುವುದಿಲ್ಲ ಅಂತ ಮೇಲಿನವರಿಂದ ಮೇಲ್ ಹಾಕಿಸಿದೆ. ಆಮೇಲೆ ರೆಪ್‌ಗಳೇ ಊರುಗಳನ್ನು ತಿದ್ದಿ ಕಳಿಸಿದರು. ಈ ಯೋಜನೆಯಲ್ಲಿ ನಾನು ಬರೆಸಿದ ಅತಿ ಉಪಯುಕ್ತ ಮೇಲ್ ಅದು.

ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನುವವರಿಗೆ ಸರ್ಕಾರದ ನಿಯಮವೇ ಉತ್ತರ ಕೊಡುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಯುಸಿಪಿಎಂಪಿ ಅನ್ನುವ ಮಾರ್ಕೆಟಿಂಗ್ ಸಂಹಿತೆ ತಂದಿತು. ಅದರ ಪ್ರಕಾರ ಒಬ್ಬ ಡಾಕ್ಟರಿಗೆ ಒಂದು ಔಷಧದ 12 ಸ್ಯಾಂಪಲ್ ಪ್ಯಾಕ್‌ಗಿಂತ ಜಾಸ್ತಿ ವರ್ಷಕ್ಕೆ ಕೊಡುವಂತಿಲ್ಲ. ಕೊಟ್ಟ ಸ್ಯಾಂಪಲ್‌ಗಳ ಒಟ್ಟು ಬೆಲೆ ಕಂಪನಿಯ ದೇಶದೊಳಗಿನ ಮಾರಾಟದ 2 ಶೇಕಡಾ ದಾಟಬಾರದು. ಯಾರಿಗೆ, ಯಾವಾಗ, ಎಷ್ಟು ಕೊಟ್ಟದ್ದು ಅನ್ನುವ ದಾಖಲೆಯೂ ಇರಬೇಕು. ಒಬ್ಬರೇ ಡಾಕ್ಟರ್ ಮೂರು ಸಾಲಿನಲ್ಲಿದ್ದರೆ ಕಂಪ್ಯೂಟರ್ 36ರವರೆಗೆ ಸುಮ್ನೆ ಬಿಡುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಹಣಕಾಸಿನವರು ಬಜೆಟ್ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಅದೇ ಸಂಹಿತೆ ಡಾಕ್ಟರಿಗೂ ಅವರ ಮನೆಯವರಿಗೂ ಉಡುಗೊರೆ ಕೂಡದು ಅನ್ನುತ್ತದೆ. ನಮ್ಮ ಹಳೇ ಎಕ್ಸೆಲ್‌ಗಳಲ್ಲಿ ಡಾಕ್ಟರ ಹುಟ್ಟುಹಬ್ಬ, ಮದುವೆ ದಿನ, ಮಕ್ಕಳ ಹೆಸರು ಎಲ್ಲ ಇದ್ದವು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅವನ್ನು ಇಟ್ಟುಕೊಳ್ಳಲು ಕಾರಣವೇ ಇಲ್ಲ. ಆ ಕಾಲಂಗಳನ್ನು ಕ್ಲೌಡ್‌ಗೆ ಏರಿಸಲಿಲ್ಲ. ‘ರಿಮಾರ್ಕ್ಸ್’ ಕಾಲಂ ಓದಿದ ಮೇಲೆ ಅದನ್ನೂ ಬಿಟ್ಟೆವು. ಅಲ್ಲಿ ಏನೇನು ಬರೆದಿದ್ದರು ಅಂತ ಮಾತ್ರ ಕೇಳಬೇಡಿ.

ನೆಟ್‌ವರ್ಕ್ ವಿಷಯ. ಕೊಟ್ಟಿಗೆಹಾರದ ಮಳೆಯಲ್ಲಿ, ಶೃಂಗೇರಿ–ಕೊಪ್ಪದ ಕಾಡುದಾರಿಯಲ್ಲಿ ಸಿಗ್ನಲ್ ನಂಬಿ ಕೂರಲಾಗದು. ಹಾಗಾಗಿ ಆಫ್‌ಲೈನ್‌ನಲ್ಲಿ ಕೆಲಸ ಮಾಡದ ಆ್ಯಪ್‌ಗಳನ್ನು ಮೊದಲ ಸುತ್ತಿನಲ್ಲೇ ತೆಗೆದುಹಾಕಿದೆವು. ರೆಪ್‌ನ ಲಿಸ್ಟ್ ಫೋನಿನಲ್ಲೇ ಇರುತ್ತದೆ, ಸಿಗ್ನಲ್ ಸಿಕ್ಕಾಗ ಸಿಂಕ್ ಆಗುತ್ತದೆ. ಒಂದೇ ಡಾಕ್ಟರ ವಿವರವನ್ನು ಎರಡು ಡಿವಿಷನ್‌ನ ರೆಪ್‌ಗಳು ಆಫ್‌ಲೈನ್‌ನಲ್ಲಿ ತಿದ್ದಿದರೆ ಕೊನೆಗೆ ಸಿಂಕ್ ಆದದ್ದು ಗೆಲ್ಲುತ್ತದೆ, ಅದು ಸರಿಯಲ್ಲ. ಅದಕ್ಕೆ ರೆಪ್ ತಿದ್ದಿದ್ದು ನೇರ ಲಿಸ್ಟಿಗೆ ಹೋಗದೆ ಕೋರಿಕೆಯಾಗಿ ಬರುತ್ತದೆ. ಒಬ್ಬರು ನೋಡಿ ಒಪ್ಪಿಗೆ ಕೊಡುತ್ತಾರೆ. ಹೆಸರು, ನೋಂದಣಿಗೆ ಕೌನ್ಸಿಲ್‌ನದೇ ಅಂತಿಮ. ಸಿಗುವ ದಿನ, ಹೊತ್ತಿಗೆ ರೆಪ್ ಹೇಳಿದ್ದೇ ಅಂತಿಮ. ಸ್ಪೆಷಾಲಿಟಿಗೆ ಎರಡು ಕಾಲಂ ಇಟ್ಟೆವು, ಓದಿದ್ದು ಒಂದು, ನೋಡುವ ರೋಗಿಗಳು ಒಂದು. ಸಣ್ಣ ಊರಿನಲ್ಲಿ ಎಂಬಿಬಿಎಸ್ ಡಾಕ್ಟರೇ ಮಕ್ಕಳ ಡಾಕ್ಟರ್ ಅಂತ ಹೆಸರಾಗಿರುತ್ತಾರೆ.

ಕ್ಲೌಡ್ ಅಂದರೆ ಡೇಟಾ ಎಲ್ಲಿರುತ್ತದೆ ಅಂತ ನಮ್ಮ ಆಡಿಟರ್ ಕೇಳಿದರು. ಮುಂಬೈನಲ್ಲಿ. ಕ್ಲೌಡ್ ಸೇವೆ ಕೊಡುವ ಅಮೆಜಾನ್ 2016ರಲ್ಲೇ ಅಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಡೇಟಾ ಸೆಂಟರ್ ತೆರೆದಿದೆ. ಇದಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದಿತ್ತು, ಬಿಡಬೇಕಾದರೆ ಡೇಟಾ ಹೊರಗೆ ತರುವುದು ಹೇಗೆ? ಜಗತ್ತಿನ ದೊಡ್ಡ ಔಷಧ ಕಂಪನಿಗಳು ಬಳಸುವ ವೀವಾ ಸಿಆರ್‌ಎಂ (ಡಾಕ್ಟರ್ ಮಾಹಿತಿ, ಭೇಟಿಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಸೇಲ್ಸ್‌ಫೋರ್ಸ್ ಅನ್ನುವ ಇನ್ನೊಂದು ಕಂಪನಿಯ ವೇದಿಕೆಯ ಮೇಲೆ ಕಟ್ಟಿದ್ದಾಗಿತ್ತು. 2022ರ ಕೊನೆಗೆ ವೀವಾ ತಾನು ಅಲ್ಲಿಂದ ಹೊರಬಂದು ಸ್ವಂತ ವಾಲ್ಟ್ ವೇದಿಕೆಗೆ ಹೋಗುವುದಾಗಿ ಹೇಳಿತು. ಆಗಲೇ ಕ್ಲೌಡ್‌ನಲ್ಲಿದ್ದ ಕಂಪನಿಗಳೂ ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು. ನಮ್ಮದು ಸಣ್ಣ ಪ್ರಾಡಕ್ಟ್, ಆದರೂ ಡಾಕ್ಟರ್ ಐಡಿ ನಮ್ಮದೇ ಇರಬೇಕು, ಪೂರ್ತಿ ಡೇಟಾ ಯಾವಾಗ ಬೇಕಾದರೂ ಸಿಎಸ್‌ವಿಯಲ್ಲಿ ಸಿಗಬೇಕು ಅಂತ ಒಪ್ಪಂದದಲ್ಲಿ ಬರೆಸಿದೆವು.

ಹೊಸದಕ್ಕೆ ಬದಲಾಗುವ ದಿನವನ್ನು ತಿಂಗಳ ಕೊನೆಗೆ ಇಡಬೇಡಿ. ತಿಂಗಳ ಮಾರಾಟದ ಲೆಕ್ಕ ಮುಗಿಸುವ ಕ್ಲೋಸಿಂಗ್ ಹೊತ್ತಿನಲ್ಲಿ ರೆಪ್‌ಗಳು ಸ್ಟಾಕಿಸ್ಟ್ ಹತ್ತಿರ ಇರುತ್ತಾರೆ, ಫೋನ್ ಎತ್ತುವುದಿಲ್ಲ. ನಾವು ಕ್ಲೋಸಿಂಗ್ ಮುಗಿದ ಮಾರನೇ ವಾರ ಬದಲಾದೆವು. ಹಳೆಯದನ್ನು ಓದಲು ಮಾತ್ರ ತೆರೆದಿಟ್ಟೆವು. ಪ್ರತಿ ರೆಪ್‌ನ ಡಾಕ್ಟರ್ ಸಂಖ್ಯೆ ಮತ್ತು ಕೈಯಲ್ಲಿರುವ ಸ್ಯಾಂಪಲ್ ಎರಡೂ ತಾಳೆಯಾದ ಮೇಲೆ ಅದನ್ನು ಮುಚ್ಚಿದೆವು.

ಈಗ ಕಡೂರು–ತರೀಕೆರೆ ಕಡೆಯ ಲಿಸ್ಟ್ ಕೈಯಲ್ಲಿದೆ. ಹಾಸನದಲ್ಲಿ ಹಿಮ್ಸ್‌ನ (ಸರ್ಕಾರಿ ಮೆಡಿಕಲ್ ಕಾಲೇಜು) ಡಾಕ್ಟರ್‌ಗಳ ವಿವರ ಆಗಾಗ ನೋಡುತ್ತಿರಬೇಕು. ಓದು ಮುಗಿಸಿದವರು ಹೊರಡುತ್ತಾರೆ, ವರ್ಗಾವಣೆಯೂ ಇರುತ್ತದೆ. ಅಂಥವರನ್ನು ಅಳಿಸುವುದಿಲ್ಲ, ಹಾಸನದ ನಂಟನ್ನಷ್ಟೇ ಮುಚ್ಚುತ್ತೇವೆ. ಮುಂದೆ ಅವರು ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ಕ್ಲಿನಿಕ್ ತೆರೆದರೆ ಅಲ್ಲಿನ ರೆಪ್ ಅದೇ ಐಡಿಗೆ ಹೊಸ ಜಾಗ ಸೇರಿಸುತ್ತಾರೆ.