ರೆಡ್ ಆಕ್ಸೈಡ್ ನೆಲ, ಖಣದ ಫಲಕ: ಕಚೇರಿಯ ಒಳಾಂಗಣದಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯ ಸುಮಾರು ಏಳು ಸಾವಿರ ಚದರಡಿಯ ಕಚೇರಿಯಲ್ಲಿ ಕರ್ನಾಟಕದ ಸೊಗಡು ಕಾಣಬೇಕೆಂಬ ಕೆಲಸ ನನ್ನ ಪಾಲಿಗೆ ಬಂದಾಗ, ಬಾಗಿಲಲ್ಲೊಂದು ಯಕ್ಷಗಾನದ ಕಿರೀಟ, ಗೋಡೆಗೆ ಹಂಪಿಯ ಕಲ್ಲಿನ ರಥದ ಚಿತ್ರ ಇದ್ದರೆ ಸಾಕೆಂದವರೇ ಹೆಚ್ಚು. ಕಾಲು ತುಳಿಯುವ, ಕೈ ಹಿಡಿಯುವ, ಕಿವಿಗೆ ಉಪಕಾರವಾಗುವ ಜಾಗಗಳಲ್ಲಿ ಮಾತ್ರ ನಮ್ಮ ಕಸುಬುಗಳನ್ನು ಬಳಸುತ್ತೇನೆ, ಬರೀ ಅಲಂಕಾರಕ್ಕೆ ಏನನ್ನೂ ತರುವುದಿಲ್ಲ ಎಂದು ನಾನು ಹಟ ಹಿಡಿದೆ. ಮೂರನೆಯ ಮಹಡಿಯಲ್ಲಿ, ಹಗಲಿಡೀ ಎಸಿ ಓಡುವ ಕಡೆ ಸಿಮೆಂಟಿಗೆ ಕೆಂಪು ಬಣ್ಣ ಬೆರೆಸಿ ಉಜ್ಜಿ ಮಾಡುವ ರೆಡ್ ಆಕ್ಸೈಡ್ ನೆಲ ವರ್ಷದೊಳಗೆ ಬಿರಿಯುತ್ತದೆ ಎಂದು ಸಹವೃತ್ತಿಯವರು ಭವಿಷ್ಯ ನುಡಿದಿದ್ದರು. ಎರಡು ಬೇಸಿಗೆ ಕಳೆದಿವೆ, ನೆಲ ಹಾಗೆಯೇ ಇದೆ.

ಮೊದಲ ಮಾದರಿ ಬಿರಿದದ್ದು ನಿಜ. ಜಿಪ್ಸಮ್ ಚಾವಣಿಯ ಕೀಲುಗಳು ಬೇಗ ಒಣಗಲೆಂದು ಆ ಗುತ್ತಿಗೆದಾರರು ರಾತ್ರಿಯಿಡೀ ದೊಡ್ಡ ಫ್ಯಾನುಗಳನ್ನು ಓಡಿಸಿದ್ದರಿಂದ ಮೇಲಿನ ಪದರ ತಳಕ್ಕಿಂತ ಮೊದಲೇ ಒಣಗಿ, ಕೂದಲೆಳೆಯಷ್ಟು ಸಣ್ಣ ಬಿರುಕುಗಳೆದ್ದವು. ಅದನ್ನು ಒಡೆದು ಸಾಗಿಸುವುದಕ್ಕೇ ನಲವತ್ತು ಸಾವಿರ ರೂಪಾಯಿಯಷ್ಟು ಹೋಯಿತು. ಆಮೇಲೆ ಕ್ರಮವನ್ನೇ ಬದಲಿಸಿ, ನೆಲ ಮೊದಲು, ಚಾವಣಿ ನಂತರ ಎಂದು ಗೊತ್ತುಮಾಡಿದೆ. ಎರಡಿಂಚಿನ ಕಾಂಕ್ರೀಟ್ ಹಾಸು ಚದರ ಮೀಟರಿಗೆ 120 ಕೆ.ಜಿ.ಯಷ್ಟು ತೂಗುವುದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಪಡೆದು, ಓಡಾಟದ ದಾರಿ ಮತ್ತು ಊಟದ ಕೋಣೆ ಸೇರಿ 1,800 ಚದರಡಿಗೆ ಮಾತ್ರ ಅದನ್ನು ಇಟ್ಟುಕೊಂಡೆ. ಬೆಂಗಳೂರಿನ ಹಳೆಯ ಮನೆಗಳಲ್ಲಿರುವಂತೆ ಗಾಜಿನ ಪಟ್ಟಿ ಕೊಟ್ಟು ನಾಲ್ಕಡಿಯ ಚೌಕಗಳಾಗಿ ವಿಂಗಡಿಸಿ, ತಳದ ಗಾರೆ ಹಸಿಯಿರುವಾಗಲೇ ಬಣ್ಣದ ಪದರ ಎಳೆಸಿ, ವಾರಕ್ಕೂ ಮಿಕ್ಕಿ ಒದ್ದೆ ಗೋಣಿಚೀಲ ಹೊದಿಸಿಟ್ಟೆವು. ರಕ್ಷಣೆಗೆಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸುರಿಯುವ ರೂಢಿಯನ್ನು ಇಲ್ಲಿ ಒಪ್ಪಲಿಲ್ಲ, ಸೋರಿದಲ್ಲೆಲ್ಲ ಬಿಳಿ ಕಲೆ ಕೂರುತ್ತದೆ. ಹಳೆಯ ಪ್ಲೈವುಡ್ ಹಾಸಿದೆವು. ಚದರಡಿಗೆ 180 ರೂಪಾಯಿ ಅಂದುಕೊಂಡದ್ದು 240ರ ಹತ್ತಿರ ಹೋಗಿ ನಿಂತಿತು. ಮೇಲಿನ ಪದರಕ್ಕೆ ಆಕ್ಸೈಡ್ ಎಷ್ಟು, ಕೊನೆಯ ಉಜ್ಜುವಿಕೆಗೆ ಕೊಬ್ಬರಿ ಎಣ್ಣೆಯೊಡನೆ ಬೆರೆಸುವುದೇನು ಎಂಬುದು ನನ್ನ ಮೇಸ್ತ್ರಿಯ ಅನ್ನದ ವಿಷಯ, ಅದನ್ನು ಬರೆಯಲಾರೆ.

ಗಟ್ಟಿ ನೆಲ ಬಂದ ಮೇಲೆ ಸದ್ದು ಹೆಚ್ಚಾಗುವುದು ಸಹಜ. ಅದಕ್ಕೆ ಉತ್ತರವಾಗಿ, ಸದ್ದು ಹೀರುವ ಎರಡಿಂಚಿನ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ತುಂಬಿದ ಚೌಕಟ್ಟುಗಳಿಗೆ, ರವಿಕೆಗೆಂದು ನೇಯುವ ಗುಳೇದಗುಡ್ಡದ ಖಣದ ಬಟ್ಟೆ ಬಿಗಿದೆ. ಬಡಗಿಗಳು ಮೊದಲು ಬಟ್ಟೆಗೆ ಪೂರ್ತಿ ಅಂಟು ಬಳಿದು ತಂದರು. ನೇಯ್ಗೆಯ ಸಂದುಗಳೆಲ್ಲ ಮುಚ್ಚಿ, ಫಲಕ ಸದ್ದನ್ನು ಹೀರುವ ಬದಲು ತಿರುಗಿ ಎಸೆಯತೊಡಗಿತು. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ದಾಟಬೇಕು. ನನಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಲಿಲ್ಲ. ಖಣದ ಅಗಲ ಎರಡೂವರೆ ಅಡಿಯ ಆಸುಪಾಸಿನದಾದ್ದರಿಂದ, ಬಟ್ಟೆಗೆ ಹೊಲಿಗೆ ಹಾಕದೆ ಫಲಕದ ಅಳತೆಯನ್ನೇ ಅದಕ್ಕೆ ಇಳಿಸಿದೆ. ಗೋಡೆಯ ಲಯ ಚೆನ್ನಾಗಿ ಕುದುರಿದ್ದು ಅದರಿಂದಲೇ. ಮಾರುಕಟ್ಟೆಯ ಸಿದ್ಧ ಫಲಕಕ್ಕಿಂತ ಚದರಡಿಗೆ ಐವತ್ತು ರೂಪಾಯಿಯಾದರೂ ಅಗ್ಗವಾಯಿತೆಂದು ನೆನಪು.

ಡ್ರಾಯರುಗಳ ಹಿಡಿಗಳನ್ನು ಚನ್ನಪಟ್ಟಣದಲ್ಲಿ ಅರಗಿನ ಬಣ್ಣದಲ್ಲಿ ಕಡೆಸಿದೆ. ಸ್ವಚ್ಛತೆಯವರು ಸ್ಪಿರಿಟ್ ಬೆರೆತ ದ್ರವದಿಂದ ಒರೆಸಿ ಒಂದು ಸಾಲನ್ನೇ ಮಂಕು ಮಾಡಿದರು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಈಗ ಒಣಬಟ್ಟೆ ಮಾತ್ರ ಎಂದು ನಿರ್ವಹಣೆಯ ಒಪ್ಪಂದದಲ್ಲೇ ಬರೆಸಿದ್ದೇನೆ. ನಡುವೆ ಸಭಾಂಗಣದ ಬಾಗಿಲಿಗೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಸುಬಿನ ಹಿಡಿ ಮಾಡಿಸಿ ನೋಡಿದೆ. ದಿನಕ್ಕೆ ನೂರಾರು ಕೈ ಬಿದ್ದಲ್ಲಿ ಕಪ್ಪು ಮಾಸಿ, ಬೆಳ್ಳಿಯ ಗೆರೆ ಎದ್ದು ಕಾಣದಂತಾಯಿತು. ಹದಿನೈದು ಸಾವಿರದ ಆ ಹಿಡಿ ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ನವಲಗುಂದದ ಜಮಖಾನದ ಮೇಲೆ ಗಾಲಿ ಕುರ್ಚಿ ಓಡಿಸಿಯೂ ನೋಡಿದೆ, ಅದು ಆಗದ ಮಾತು.

ಅತಿ ಹೆಚ್ಚು ಬಳಕೆಯಾದದ್ದು ಜಗಲಿ. ಸ್ವಾಗತದ ಸೋಫಾಗಳನ್ನು ತೆಗೆದು, ಹದಿನೆಂಟು ಇಂಚು ಎತ್ತರ, ಎರಡಡಿ ಅಗಲದ ಕಟ್ಟೆಯನ್ನು ಗೋಡೆಯುದ್ದಕ್ಕೂ ಕಟ್ಟಿಸಿ, ಅಂಚಿನಡಿಯಲ್ಲಿ ಚಾರ್ಜಿಂಗ್ ಸಾಕೆಟ್ ಕೊಟ್ಟೆ. ಅತಿಥಿಗಳಿಗೆಂದು ಮಾಡಿದ ಅದರಲ್ಲಿ ಮಧ್ಯಾಹ್ನದ ನಂತರ ಸಿಬ್ಬಂದಿಯೇ ತುಂಬಿರುತ್ತಾರೆ. ಆರಂಭದಲ್ಲಿ ಇದನ್ನು ವಿರೋಧಿಸಿದ್ದ ವ್ಯವಸ್ಥಾಪಕರು ಮೇಲಿನ ಮಹಡಿಗೂ ಇದೇ ಬಗೆಯ ಒಳಾಂಗಣ ಬೇಕೆಂದು ಅಂದಾಜು ಪಟ್ಟಿ ಕೇಳಿದ್ದಾರೆ. ಅದರಲ್ಲಿ ಖಣವನ್ನು ಅಗತ್ಯಕ್ಕಿಂತ ಹತ್ತಿಪ್ಪತ್ತು ಮೀಟರ್ ಹೆಚ್ಚೇ ಹಾಕಿದ್ದೇನೆ, ಏಕೆಂದರೆ ಮುಂದೆ ಫಲಕ ಹರಿದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ.